ಜಿಪ್ಸಿಯ ಉಸಿರಿನ ಖರ್ಚು: ಲೀಟರು, ಗ್ರಾಂ, ರೂಪಾಯಿ

ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ನು ಆಕ್ಸಿಲರೇಟರ್ ಪೂರ್ತಿ ತುಳಿದು 6000 ಆರ್‌ಪಿಎಂ ಮುಟ್ಟಿದಾಗ ನಿಮಿಷಕ್ಕೆ 3300 ಲೀಟರಿನಷ್ಟು ಗಾಳಿ ಎಳೆಯುತ್ತದೆ. ಲೆಕ್ಕ ಕಷ್ಟದ್ದೇನಲ್ಲ. ನಾಲ್ಕು ಸ್ಟ್ರೋಕಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ, ಹಾಗಾಗಿ 1.298 ಲೀಟರನ್ನು 3000ದಿಂದ ಗುಣಿಸಿದರೆ 3894 ಲೀಟರ್. ಸಿಲಿಂಡರು ಪ್ರತಿ ಸಲವೂ ನೂರಕ್ಕೆ ನೂರು ತುಂಬುವುದಿಲ್ಲ, 85 ಪರ್ಸೆಂಟ್ ಎಂದು ಹಿಡಿದರೆ 3310. ಕರಾವಳಿಯ ಮಟ್ಟದಲ್ಲಿ ಇದರ ತೂಕ 3.9 ಕೆ.ಜಿ. ಇಷ್ಟು ಗಾಳಿಯ ಜೊತೆ ಉರಿಯುವ ಪೆಟ್ರೋಲು ಸುಮಾರು 310 ಗ್ರಾಂ. ಬಂಕಿನಲ್ಲಿ ನಾವು ದುಡ್ಡು ಕೊಡುವುದು ಈ 310 ಗ್ರಾಮಿಗೆ ಮಾತ್ರ. ಪುಕ್ಕಟೆ ಬರುವ 3.9 ಕೆ.ಜಿ.ಯ ದಾರಿಯನ್ನು ಅಗಲ ಮಾಡಿಕೊಡುತ್ತೇವೆ ಎಂದು ಸಾವಿರದಿಂದ ಹತ್ತು ಸಾವಿರದವರೆಗೆ ಬಿಲ್ಲು ಬರೆಯುವ ದೊಡ್ಡ ವ್ಯಾಪಾರವೇ ಒಂದಿದೆ.

ಜಿಪ್ಸಿಯನ್ನೇ ಲೆಕ್ಕಕ್ಕೆ ಎತ್ತಿಕೊಂಡಿದ್ದಕ್ಕೆ ಕಾರಣವಿದೆ. 1985ರ ಡಿಸೆಂಬರಿನಲ್ಲಿ 970 ಸಿಸಿಯ, 45 ಎಚ್‌ಪಿಯ ಪುಟ್ಟ ಗಾಡಿಯಾಗಿ ಬಂದದ್ದು, 1996ರಲ್ಲಿ 1.3 ಲೀಟರಿನ ‘ಕಿಂಗ್’ ಆಯಿತು, 2000ದಲ್ಲಿ ಹದಿನಾರು ವಾಲ್ವು ಮತ್ತು ಎಂಪಿಎಫ್‌ಐ ಫ್ಯೂಯೆಲ್ ಇಂಜೆಕ್ಷನ್ ಪಡೆದು 80 ಎಚ್‌ಪಿಗೆ ಏರಿತು. 2019ರಲ್ಲಿ ಜನಸಾಮಾನ್ಯರಿಗೆ ಮಾರಾಟ ನಿಂತಿತು. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಎಸ್ಟೇಟುಗಳಲ್ಲಿ ಉಳಿದಿರುವ ಜಿಪ್ಸಿಗಳಲ್ಲಿ ಕಂಪನಿಯಿಂದ ಬಂದ ಸ್ಥಿತಿಯಲ್ಲೇ ಇರುವವು ಅಪರೂಪ. ಮೊದಲು ಟೈರು, ಆಮೇಲೆ ಸಸ್ಪೆನ್ಷನ್, ಮೂರನೆಯದಾಗಿ ಬಾನೆಟ್ಟಿನ ಒಳಗೊಂದು ಕೆಂಪು ಕೋನ್ ಫಿಲ್ಟರ್. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಕೌಂಟರಿನಲ್ಲಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಹಾಕ್ಸಿ ಸಾರ್, ಸೌಂಡೂ ಚೇಂಜ್ ಆಗತ್ತೆ, ಪಿಕಪ್ಪೂ ಬರತ್ತೆ.” ಈ ಮಾತಿನ ಮೊದಲ ಅರ್ಧ ಅಪ್ಪಟ ನಿಜ. ಎರಡನೆಯ ಅರ್ಧವನ್ನು ಅಂಕಿಗಳ ಎದುರು ನಿಲ್ಲಿಸಿ ನೋಡಬೇಕು.

ಹೊಸ ಜಿಮ್ನಿ ಇರುವವರು ಮುಂದಿನ ಗಾಳಿಯ ಅಂಕಿಗಳನ್ನೆಲ್ಲ 1.13ರಿಂದ ಗುಣಿಸಿಕೊಳ್ಳಬಹುದು. ಅದರ ಎಂಜಿನ್ನು 1462 ಸಿಸಿ. ಸಿಲಿಂಡರಿನ ಅಗಲ ಜಿಪ್ಸಿಯದೇ 74 ಮಿ.ಮೀ., ಸ್ಟ್ರೋಕು ಮಾತ್ರ 75.5ರಿಂದ 85ಕ್ಕೆ ಉದ್ದವಾಗಿದೆ.

ಪಿಕಪ್ಪಿನ ಗರಿಷ್ಠ ಮಿತಿ

ಎಂಜಿನ್ನು ಗಾಳಿಯನ್ನು ಎಳೆಯುತ್ತದೆ ಎನ್ನುತ್ತೇವಾದರೂ ನಿಜವಾಗಿ ಒಳಗೆ ತಳ್ಳುವುದು ಹೊರಗಿನ ವಾತಾವರಣದ ಒತ್ತಡ. ಸಮುದ್ರಮಟ್ಟದಲ್ಲಿ ಅದು 101 ಕಿಲೋಪಾಸ್ಕಲ್. ಫಿಲ್ಟರು, ಪೈಪು, ಬಾಗು ಎಲ್ಲ ದಾಟಿ ಬರುವಾಗ ಈ ಒತ್ತಡದಲ್ಲಿ 1 ಕಿಲೋಪಾಸ್ಕಲ್ ಕಳೆದುಹೋದರೆ ಒಳಗೆ ಬರುವ ಗಾಳಿ ಶೇಕಡಾ 1ರಷ್ಟು ಕಡಿಮೆ. ಶಕ್ತಿಯೂ ಅಷ್ಟೇ ಕಡಿಮೆ. 80ರ ಶೇಕಡಾ 1 ಅಂದರೆ 0.8 ಎಚ್‌ಪಿ.

ಈಗ ಉದಾರವಾಗಿ ಹಿಡಿಯೋಣ. ಕಂಪನಿಯ ಏರ್ ಬಾಕ್ಸು (ಫಿಲ್ಟರು ಕೂರುವ ಮುಚ್ಚಿದ ಡಬ್ಬ) ಮತ್ತು ಶುಭ್ರವಾದ ಕಾಗದದ ಫಿಲ್ಟರು ಸೇರಿ ಪೂರ್ತಿ ವೇಗದಲ್ಲಿ ಒಂದೂವರೆ ಕಿಲೋಪಾಸ್ಕಲ್ ತಿನ್ನುತ್ತವೆ, ಬಯಲಾಗಿ ನಿಂತ ಕೋನ್ ಫಿಲ್ಟರು ಅರ್ಧ ಕಿಲೋಪಾಸ್ಕಲ್ ತಿನ್ನುತ್ತದೆ ಎಂದುಕೊಂಡರೆ, ಗಳಿಕೆ 1 ಕಿಲೋಪಾಸ್ಕಲ್. ಅಂದರೆ ಮೇಲೆ ಹೇಳಿದ 0.8 ಎಚ್‌ಪಿ. ಫಿಲ್ಟರನ್ನೇ ಕಿತ್ತೆಸೆದು ಬರಿ ಬಾಯಲ್ಲಿ ಓಡಿಸಿದರೂ 1.2 ಎಚ್‌ಪಿಗಿಂತ ಹೆಚ್ಚು ಸಿಗುವುದಕ್ಕೆ ದಾರಿಯಿಲ್ಲ, ಏಕೆಂದರೆ ಕಳೆದುಹೋಗಿದ್ದದ್ದೇ ಅಷ್ಟು. ಡಬ್ಬದ ಮೇಲೆ ಐದು, ಹತ್ತು ಎಚ್‌ಪಿ ಎಂದು ಅಚ್ಚು ಹಾಕಿರುವವರು ಆ ಉಳಿದ ಎಚ್‌ಪಿಯನ್ನು ಎಲ್ಲಿಂದ ತಂದರು ಎನ್ನುವುದನ್ನೂ ಅಚ್ಚು ಹಾಕಬೇಕಿತ್ತು.

ಅದೂ 6000 ಆರ್‌ಪಿಎಂನಲ್ಲಿ. ಕಲ್ಲುಹಾದಿ ಹತ್ತುವಾಗ ಜಿಪ್ಸಿ ಅಲ್ಲಿಗೆ ಹೋಗುವುದೇ ಇಲ್ಲ; ಕೆಲಸ ನಡೆಯುವುದು 1500ರಿಂದ 2500ರ ನಡುವೆ. ಗಾಳಿಯ ಹರಿವು ಮೂರನೇ ಒಂದಕ್ಕೆ ಇಳಿದಾಗ ಪೈಪಿನ ಬಾಗುಗಳಲ್ಲಿ ಆಗುವ ನಷ್ಟ ಒಂಬತ್ತನೇ ಒಂದಕ್ಕೆ, ಫಿಲ್ಟರಿನ ಕಾಗದದಲ್ಲಿ ಆಗುವ ನಷ್ಟ ಮೂರನೇ ಒಂದಕ್ಕೆ ಇಳಿಯುತ್ತದೆ. ಎರಡನ್ನೂ ಕೂಡಿಸಿದರೆ ಆ ಒಂದೂವರೆ ಕಿಲೋಪಾಸ್ಕಲ್ ಅರ್ಧಕ್ಕಿಂತಲೂ ಬಹಳ ಕೆಳಗೆ, 0.2ರಿಂದ 0.5ರೊಳಗೆ ಬಂದು ನಿಲ್ಲುತ್ತದೆ. ಈ ಎಂಜಿನ್ನಿನ ಗರಿಷ್ಠ ಟಾರ್ಕ್ 4500 ಆರ್‌ಪಿಎಂನಲ್ಲಿ 103 ನ್ಯೂಟನ್ ಮೀಟರ್. ಅದರಲ್ಲಿ ಅರ್ಧ ಪರ್ಸೆಂಟ್ ಅಂದರೆ ಅರ್ಧ ನ್ಯೂಟನ್ ಮೀಟರ್. ಇದನ್ನು ಪಾದದಲ್ಲಿ ಗುರುತಿಸುವ ಡ್ರೈವರು ಯಾರೂ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಸಣ್ಣ ಗೇರ್ ಹಾಕಿ 4-ಲೋಗೆ ತಂದರೆ ಚಕ್ರಕ್ಕೆ ಸಿಗುವ ಟಾರ್ಕ್ ಒಮ್ಮೆಗೇ 1.6 ಪಟ್ಟು ಆಗುತ್ತದೆ. ಆ ಲಿವರು ಗಾಡಿಯ ಜೊತೆಗೇ ಬಂದಿದೆ, ಬಿಲ್ಲಿಲ್ಲ.

ಮೈಲೇಜಿನ ಮಾತೂ ಇಲ್ಲೇ ಮುಗಿಸಿಬಿಡಬಹುದು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯನ್ನು ತಡೆಯುವ ದೊಡ್ಡ ಬಾಗಿಲು ಥ್ರಾಟಲ್. ಅರ್ಧ ಆಕ್ಸಿಲರೇಟರಿನಲ್ಲಿ ಹೋಗುವಾಗ ಮ್ಯಾನಿಫೋಲ್ಡಿನ ಒತ್ತಡವನ್ನು ಥ್ರಾಟಲ್ ತಾನೇ ಅರ್ಧಕ್ಕೆ ಇಳಿಸಿರುತ್ತದೆ. ಅದರ ಮುಂದೆ ಫಿಲ್ಟರಿನ ಒಂದು ಕಿಲೋಪಾಸ್ಕಲ್ ಹೆಚ್ಚೋ ಕಡಿಮೆಯೋ ಆದರೆ ಡ್ರೈವರಿನ ಕಾಲು ಕೂದಲೆಳೆಯಷ್ಟು ಜಾಸ್ತಿ ಒತ್ತುತ್ತದೆ, ಅಷ್ಟೇ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿತು. ಫ್ಯೂಯೆಲ್ ಇಂಜೆಕ್ಷನ್ ಇರುವ ಆಧುನಿಕ ಕಾರುಗಳಲ್ಲಿ ಫಿಲ್ಟರು ಕಟ್ಟಿಕೊಂಡಿದ್ದರೂ ಮೈಲೇಜಿನಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ. ಪೂರ್ತಿ ತುಳಿದು ವೇಗ ಹಿಡಿಯುವಾಗ ಮಾತ್ರ ಗಾಡಿ ಮಂದವಾಯಿತು. ಕಾರ್ಬೊರೇಟರಿನ ಹಳೆಯ ಜಿಪ್ಸಿಯ ಕತೆ ಬೇರೆ. ಅಲ್ಲಿ ಫಿಲ್ಟರು ಕಟ್ಟಿಕೊಂಡರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಏರಬಹುದು. ಆದರೆ ಅದಕ್ಕೆ ಮದ್ದು ಹೊಸ ಕಾಗದದ ಫಿಲ್ಟರು.

ಬಿಸಿಗಾಳಿಯ ಬಿಲ್ಲು

ಕೋನ್ ಫಿಲ್ಟರನ್ನು ಎಲ್ಲಿ ಕೂರಿಸುತ್ತಾರೆ ಎನ್ನುವುದು ಅದು ಯಾವ ಕಂಪನಿಯದು ಎನ್ನುವುದಕ್ಕಿಂತ ಮುಖ್ಯ. ಬಹುಪಾಲು ಗ್ಯಾರೇಜುಗಳು ಅದನ್ನು ಕೂರಿಸುವುದು ಏರ್ ಬಾಕ್ಸು ಇದ್ದ ಖಾಲಿ ಜಾಗದಲ್ಲಿ, ಬಾನೆಟ್ಟಿನ ಒಳಗೆ ಬಯಲಾಗಿ. ರೇಡಿಯೇಟರಿನ ಬಿಸಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಿಸಿ ಎಲ್ಲವೂ ಅದರ ಮುಖಕ್ಕೇ. ಹೊರಗೆ 30 ಡಿಗ್ರಿ ಇದ್ದು ಒಳಗಿನ ಗಾಳಿ 60 ಡಿಗ್ರಿ ಆಗಿದ್ದರೆ, ಕೆಲ್ವಿನ್ ಮಾಪನದಲ್ಲಿ 303 ಮತ್ತು 333. ಗಾಳಿಯ ಸಾಂದ್ರತೆ ಶೇಕಡಾ 9ರಷ್ಟು ಇಳಿಯುತ್ತದೆ. ಎಂಜಿನ್ ಪರೀಕ್ಷೆಯ ಕೆಲವು ಮಾನದಂಡಗಳಲ್ಲಿ ಶಕ್ತಿಯ ಮೇಲೆ ಉಷ್ಣತೆಯ ಪರಿಣಾಮವನ್ನು ಈ ಅನುಪಾತದ ವರ್ಗಮೂಲದಿಂದ ಹಿಡಿಯುತ್ತಾರೆ. ಹಾಗೆ ಮೆತ್ತಗೆ ಲೆಕ್ಕ ಹಾಕಿದರೂ ನಷ್ಟ ಶೇಕಡಾ 4.6. ಅಂದರೆ 3.7 ಎಚ್‌ಪಿ.

ಗಳಿಕೆ 0.8, ನಷ್ಟ 3.7. ನಿವ್ವಳ ನಷ್ಟ 2.9 ಎಚ್‌ಪಿ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಮುಂದಿನಿಂದ ನುಗ್ಗುವ ಗಾಳಿ ಬಾನೆಟ್ಟಿನ ಒಳಗನ್ನು ತಂಪು ಮಾಡುತ್ತದೆ, ನಷ್ಟವೂ ಕಡಿಮೆಯಾಗುತ್ತದೆ. ಆದರೆ ಜಿಪ್ಸಿ ಕೊಂಡವರು ಹೆದ್ದಾರಿಗೆಂದು ಕೊಂಡವರಲ್ಲ. ಗಂಟೆಗೆ ಎಂಟು ಹತ್ತು ಕಿಲೋಮೀಟರಿನಲ್ಲಿ ತೆವಳುವ ದಾರಿಯಲ್ಲಿ ಒಳಗಿನ ಬಿಸಿ ಒಳಗೇ ಸುತ್ತುತ್ತಿರುತ್ತದೆ.

ಹಾಗಿದ್ದರೆ ಹಾಕಿಸಿಕೊಂಡವರೆಲ್ಲ “ಗಾಡಿ ಹಗುರಾಯ್ತು” ಎನ್ನುವುದೇಕೆ? ಶಬ್ದ. ಕಂಪನಿಯ ಏರ್ ಬಾಕ್ಸಿನ ಹೊಟ್ಟೆ, ಅದರ ಪಕ್ಕಕ್ಕೆ ಅಂಟಿಕೊಂಡ ಖಾಲಿ ಡಬ್ಬಿ ಇವೆಲ್ಲ ಇರುವುದು ವಾಲ್ವುಗಳ ಕಡೆಯಿಂದ ಬರುವ ಮೊರೆತವನ್ನು ನುಂಗುವುದಕ್ಕೆ. ಅವನ್ನು ತೆಗೆದರೆ 3000 ಆರ್‌ಪಿಎಂನಲ್ಲೇ 5000ದ ಗದ್ದಲ ಕೇಳುತ್ತದೆ, ಕಿವಿ ಅದನ್ನು ವೇಗವೆಂದು ಓದುತ್ತದೆ. ಶಬ್ದಕ್ಕೆಂದೇ ದುಡ್ಡು ಕೊಡುವವರ ಮೇಲೆ ನನಗೇನೂ ತಕರಾರಿಲ್ಲ. ಅದನ್ನು ಪಿಕಪ್ಪು ಎಂದು ಕರೆಯಬಾರದು, ಅಷ್ಟೇ.

ಇದೇ ಅಳತೆಗೋಲಿನಲ್ಲಿ ಎತ್ತರವನ್ನೂ ನೋಡಿ. ಮಂಗಳೂರಿನಿಂದ ಹೊರಟು 920 ಮೀಟರ್ ಎತ್ತರದ ಬೆಂಗಳೂರಿಗೆ ಬರುವಷ್ಟರಲ್ಲಿ ವಾತಾವರಣದ ಒತ್ತಡ 101ರಿಂದ 91 ಕಿಲೋಪಾಸ್ಕಲಿಗೆ ಇಳಿದಿರುತ್ತದೆ. ಮುಳ್ಳಯ್ಯನಗಿರಿಯ 1930 ಮೀಟರಿನಲ್ಲಿ ಅದು 80. ಅಂದರೆ ಶಿರಾಡಿ ಘಾಟಿ ಹತ್ತಿ ಬೆಂಗಳೂರು ಮುಟ್ಟಿದಾಗಲೇ ಎಂಜಿನ್ನು ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಂಡಿರುತ್ತದೆ, ಯಾರೂ ಗ್ಯಾರೇಜಿಗೆ ಹೋಗಿ ದೂರುವುದಿಲ್ಲ. ಶೇಕಡಾ 10ರ ನಷ್ಟವನ್ನು ಗಮನಿಸದವರು ಶೇಕಡಾ 1ರ ಲಾಭವನ್ನು ಗಮನಿಸಿದೆವು ಎಂದರೆ ನಂಬುವುದು ಹೇಗೆ?

ಗ್ರಾಮಿನ ಲೆಕ್ಕ

ಫಿಲ್ಟರಿನ ಕೆಲಸ ಗಾಳಿ ಬಿಡುವುದಲ್ಲ, ಧೂಳು ತಡೆಯುವುದು. ಬಿಡುವುದೇ ಮುಖ್ಯವಾಗಿದ್ದರೆ ಫಿಲ್ಟರೇ ಬೇಕಿರಲಿಲ್ಲ. ಮಾರಾಟದ ಕೌಂಟರಿನಲ್ಲಿ ಬಹಳ ಕಡಿಮೆ ಮಾತಾಡುವುದು ಇದರ ಬಗ್ಗೆಯೇ.

ಏರ್ ಫಿಲ್ಟರುಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 5011ರಲ್ಲಿ ಒಂದು ಘನ ಮೀಟರ್ ಗಾಳಿಗೆ 1 ಗ್ರಾಂ ಧೂಳು ಬೆರೆಸಿ ಫಿಲ್ಟರಿಗೆ ಉಣಿಸುತ್ತಾರೆ. ಅಷ್ಟು ಧೂಳಿದ್ದರೆ ಮುಂದಿನ ಗಾಡಿ ಕಣ್ಣಿಗೆ ಕಾಣುವುದಿಲ್ಲ. ಮಾರ್ಚ್-ಏಪ್ರಿಲ್ಲಿನಲ್ಲಿ ಕೆಮ್ಮಣ್ಣಿನ ಹಾದಿಯಲ್ಲಿ ಸಾಲಾಗಿ ಹೋಗುವ ಗಾಡಿಗಳಲ್ಲಿ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಅದರ ಹತ್ತನೇ ಒಂದು ಪಾಲು, ಅಂದರೆ ಘನ ಮೀಟರಿಗೆ 0.1 ಗ್ರಾಂ ಸಿಗುತ್ತದೆ ಎಂದು ಹಿಡಿಯೋಣ. ಎಂಜಿನ್ನು 2500 ಆರ್‌ಪಿಎಂನಲ್ಲಿ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿಕೊಂಡು ಓಡುತ್ತಿದ್ದರೆ ನಿಮಿಷಕ್ಕೆ ಹತ್ತಿರ ಹತ್ತಿರ 1 ಘನ ಮೀಟರ್ ಗಾಳಿ, ಗಂಟೆಗೆ 60. ಧೂಳು ಗಂಟೆಗೆ 6 ಗ್ರಾಂ, ಐದು ಗಂಟೆಯ ಸವಾರಿಗೆ 30 ಗ್ರಾಂ.

ಒಳ್ಳೆಯ ಕಾಗದದ ಫಿಲ್ಟರು ಇದರಲ್ಲಿ ಶೇಕಡಾ 99.5 ತಡೆದರೆ ಸಿಲಿಂಡರಿಗೆ ಹೋಗುವುದು 0.15 ಗ್ರಾಂ. ಎಣ್ಣೆ ಸವರಿದ ಹತ್ತಿ ಬಟ್ಟೆಯ ಫಿಲ್ಟರುಗಳಿಗೆ ತಯಾರಕರೇ ಹೇಳಿಕೊಳ್ಳುವುದು ಶೇಕಡಾ 96ರಿಂದ 99. ನಡುವೆ 97 ಎಂದರೆ ಒಳಹೋಗುವುದು 0.9 ಗ್ರಾಂ. ಕೇಳುವುದಕ್ಕೆ 99.5 ಮತ್ತು 97ರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ತಡೆದದ್ದನ್ನು ಬಿಟ್ಟು ದಾಟಿದ್ದನ್ನು ಎಣಿಸಿದರೆ ಆರು ಪಟ್ಟು. ವರ್ಷಕ್ಕೆ ಹತ್ತು ಇಂಥ ಸವಾರಿ ಇದ್ದರೆ ಒಂದೂವರೆ ಗ್ರಾಂ ಒಂದು ಕಡೆ, 9 ಗ್ರಾಂ ಇನ್ನೊಂದು ಕಡೆ. ಒಳಹೋಗುವುದು ಸಿಲಿಕಾ, ಅಂದರೆ ಮರಳಿನ ಹುಡಿ. ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವಿನ ಎಣ್ಣೆಯ ಪೊರೆ ಕೆಲವೇ ಮೈಕ್ರಾನ್ ದಪ್ಪ; 5ರಿಂದ 20 ಮೈಕ್ರಾನಿನ ಕಣಗಳು ಆ ಸಂದಿಗೆ ಸಿಕ್ಕಿ ಎರಡನ್ನೂ ಉಜ್ಜುತ್ತವೆ. ಬೋರ್ ಹೊಡೆಸಿ ಪಿಸ್ಟನ್, ರಿಂಗ್ ಬದಲಿಸುವ ಕೆಲಸಕ್ಕೆ 40,000 ರೂ. ಎಂದಿಟ್ಟುಕೊಂಡರೆ, ಅದನ್ನು ಐದು ವರ್ಷ ಮೊದಲೇ ಎಳೆದು ತರುವ ಫಿಲ್ಟರಿನ ನಿಜವಾದ ಬೆಲೆ ಅದರ ಡಬ್ಬದ ಮೇಲಿಲ್ಲ.

ಫಿಲ್ಟರಿಗಿಂತ ಕೆಟ್ಟದ್ದು ಅದರ ಕುತ್ತಿಗೆ. ಕೋನ್ ಫಿಲ್ಟರಿನ ರಬ್ಬರ್ ಕಾಲರು 70 ಮಿ.ಮೀ., ಪೈಪು 65 ಮಿ.ಮೀ. ಇದ್ದಾಗ ಮೇಸ್ತ್ರಿ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕ್ಲ್ಯಾಂಪು ಬಿಗಿಯುತ್ತಾನೆ. ಆ ದಿನ ಗಟ್ಟಿಯಾಗಿಯೇ ಇರುತ್ತದೆ. ಬಿಸಿಗೆ, ಅಲುಗಾಟಕ್ಕೆ ಟ್ಯೂಬು ಸುಕ್ಕಾಗಿ ಒಂದು ಕಡೆ ಬಾಯಿ ಬಿಡುತ್ತದೆ. ಒಟ್ಟು ಗಾಳಿಯಲ್ಲಿ ಶೇಕಡಾ 1 ಆ ಸಂದಿಯಿಂದ ಬಂದರೆ, ನಮ್ಮ 30 ಗ್ರಾಮಿನಲ್ಲಿ 0.3 ಗ್ರಾಂ ಫಿಲ್ಟರನ್ನು ಮುಟ್ಟದೆಯೇ ಒಳಗೆ ಹೋಯಿತು. ಅತ್ಯುತ್ತಮ ಕಾಗದದ ಫಿಲ್ಟರು ಹಾಕಿದ್ದರೂ ಒಟ್ಟು 0.45 ಗ್ರಾಂ, ಮೂರು ಪಟ್ಟು. ಪರೀಕ್ಷಿಸುವುದು ಸುಲಭ. ಧೂಳಿನ ಸವಾರಿ ಮುಗಿದ ಮೇಲೆ ಫಿಲ್ಟರು ಕಳಚಿ, ಅದರ ಮತ್ತು ಥ್ರಾಟಲಿನ ನಡುವಿನ ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆಗೆ ಕೆಂಪು ಹತ್ತಿದರೆ ಗಾಡಿ ಮಣ್ಣು ತಿನ್ನುತ್ತಿದೆ. ಕೆಂಪು ಒಂದೇ ಬದಿಯಲ್ಲಿ ಗೆರೆಯಾಗಿ ಕಂಡರೆ ಸೋರುವ ಜಾಗವೂ ಆ ಬದಿಯಲ್ಲೇ ಇದೆ ಎಂದರ್ಥ.

ಬಂಕಿನಲ್ಲಿ ಟೈರಿಗೆ ಹವಾ ಹೊಡೆಸುವಾಗ ಅದೇ ಪೈಪಿನಲ್ಲಿ ಫಿಲ್ಟರಿಗೂ ಹೊಡೆಸುವ ಅಭ್ಯಾಸ ನಮ್ಮಲ್ಲಿ ಬಹಳ. ಆ ರಭಸಕ್ಕೆ ಕಾಗದದ ಮಡಿಕೆಗಳಲ್ಲಿ ಕಣ್ಣಿಗೆ ಕಾಣದ ಹರಕುಗಳಾಗುತ್ತವೆ. ಮೇಲಾಗಿ ಫಿಲ್ಟರು ಹೊಚ್ಚ ಹೊಸದಾಗಿದ್ದಾಗಲೇ ಅದರ ತಡೆಯುವ ಶಕ್ತಿ ಕಡಿಮೆ. ಮೊದಲ ಧೂಳಿನ ತೆಳು ಪದರ ಕೂತ ಮೇಲೆ ಆ ಪದರವೇ ಮುಂದಿನ ಧೂಳನ್ನು ಹಿಡಿಯುತ್ತದೆ. ವಾರಕ್ಕೊಮ್ಮೆ ಕೊಡವಿ ಫಳಫಳ ಇಟ್ಟುಕೊಳ್ಳುವವರು ಶ್ರದ್ಧೆಯಿಂದ ಎಂಜಿನ್ ಸವೆಸುತ್ತಿರುತ್ತಾರೆ. ಹಳೆಯ ಜೀಪುಗಳಲ್ಲಿ ಎಣ್ಣೆ ತುಂಬಿದ ಬಟ್ಟಲಿನ ಏರ್ ಕ್ಲೀನರ್ ಇರುತ್ತಿತ್ತು. ಅದಕ್ಕೆ ಹವಾ ಹೊಡೆಯುವ ಪ್ರಶ್ನೆಯೇ ಇರಲಿಲ್ಲ, ಕೆಸರಾದ ಎಣ್ಣೆ ಚೆಲ್ಲಿ ಹೊಸದು ಹಾಕಿದರೆ ಮುಗಿಯಿತು.

ರೂಪಾಯಿಯ ಲೆಕ್ಕ

ದರಗಳು ಊರಿಂದೂರಿಗೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತವೆ. ಇಲ್ಲಿನವು ಲೆಕ್ಕಕ್ಕೆಂದು ಹಿಡಿದ ಅಂಕಿಗಳು. ಓದುಗರು ತಮ್ಮ ಅಂಗಡಿಯ ದರ ಹಾಕಿಕೊಂಡು ನೋಡಬಹುದು.

ಕಂಪನಿಯ ಮಾದರಿಯ ಕಾಗದದ ಫಿಲ್ಟರು 350 ರೂ. ಧೂಳಿನ ಊರಾದ್ದರಿಂದ 10,000 ಕಿ.ಮೀ.ಗೆ ಒಂದು ಬದಲಿಸಿದರೂ, ವರ್ಷಕ್ಕೆ 8000 ಕಿ.ಮೀ. ಓಡುವ ಗಾಡಿಗೆ ಐದು ವರ್ಷಕ್ಕೆ ನಾಲ್ಕು ಫಿಲ್ಟರು, 1400 ರೂ.

ಬಾನೆಟ್ಟಿನೊಳಗೆ ಬಯಲು ಕೋನ್ ಫಿಲ್ಟರಿನ ಬಿಲ್ಲು ಹೀಗೆ ಬರುತ್ತದೆ:

ಕೋನ್ ಫಿಲ್ಟರು — 1200 ರೂ.
ಬೆಂಡು ಪೈಪು, ಅಡಾಪ್ಟರ್ — 600 ರೂ.
ಕ್ಲ್ಯಾಂಪು 4 — 200 ರೂ.
ಕ್ರ್ಯಾಂಕ್‌ಕೇಸಿನ ಹೊಗೆಗೊಂದು ಸಣ್ಣ ಬ್ರೀದರ್ ಫಿಲ್ಟರು — 250 ರೂ.
ಕೂಲಿ — 500 ರೂ.
ಒಟ್ಟು — 2750 ರೂ.

ಹಿಂದಿನ ಲೆಕ್ಕದ 2.9 ಎಚ್‌ಪಿ ನಷ್ಟವನ್ನು ಇದರ ಪಕ್ಕದಲ್ಲಿಟ್ಟರೆ, ಒಂದೊಂದು ಎಚ್‌ಪಿ ಕಳೆದುಕೊಳ್ಳುವುದಕ್ಕೂ ಸುಮಾರು 950 ರೂ. ಕೊಟ್ಟಂತಾಯಿತು. ನಾಲ್ಕನೆಯ ಬಾಬತ್ತು, ಆ 250 ರೂ.ನ ಬ್ರೀದರ್, ಬೇಕಾಗಿಯೇ ಇರಲಿಲ್ಲ. ಕ್ರ್ಯಾಂಕ್‌ಕೇಸಿನ ಹೋಸನ್ನು ಫಿಲ್ಟರಿನ ಶುಭ್ರ ಗಾಳಿಯ ಬದಿಗೆ, ಮೊದಲಿದ್ದ ಹಾಗೆಯೇ ಜೋಡಿಸಬೇಕು. ಹಾಗೆ ಮಾಡಲು ಪೈಪಿಗೊಂದು ನಿಪ್ಪಲ್ ಕೂರಿಸುವ ಕಷ್ಟ ಬೇಡವೆಂದು ಪುಟ್ಟ ಫಿಲ್ಟರು ಸಿಕ್ಕಿಸಿ ಬಿಡುತ್ತಾರೆ. ಎಣ್ಣೆಯ ಹೊಗೆ ಬಾನೆಟ್ಟಿನೊಳಗೆ ಹರಡಿ ಧೂಳನ್ನು ಅಂಟಿಸಿಕೊಂಡು ಕೂರುತ್ತದೆ. ಗಾಳಿಯ ಉಷ್ಣತೆ ಅಳೆಯುವ ಸೆನ್ಸರು ಏರ್ ಬಾಕ್ಸಿನಲ್ಲೋ ಪೈಪಿನಲ್ಲೋ ಇರುವ ಗಾಡಿಗಳಲ್ಲಿ ಅದನ್ನೂ ಹೊಸ ಪೈಪಿನೊಳಗೆ ಕೂರಿಸಬೇಕು. ವೈರಿನ ತುದಿಯಲ್ಲಿ ನೇತಾಡಲು ಬಿಟ್ಟರೆ ಅದು ಎಂಜಿನ್ನಿನ ಬಿಸಿಯನ್ನು ಅಳೆದು ಕಂಪ್ಯೂಟರಿಗೆ ಸುಳ್ಳು ಹೇಳುತ್ತಿರುತ್ತದೆ. ಜಿಪ್ಸಿಯ ಎಂಪಿಎಫ್‌ಐ ಮ್ಯಾನಿಫೋಲ್ಡಿನ ಒತ್ತಡ ನೋಡಿ ಪೆಟ್ರೋಲು ಸಿಂಪಡಿಸುವ ಬಗೆಯದು, ಆದ್ದರಿಂದ ಫಿಲ್ಟರು ಬದಲಾದರೆ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಲೇಬೇಕು ಎಂಬ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಮೂರನೆಯ ದಾರಿ, ಕಂಪನಿಯ ಬಾಕ್ಸಿನೊಳಗೇ ಕೂರುವ, ತೊಳೆದು ಎಣ್ಣೆ ಹಾಕಿ ಮತ್ತೆ ಬಳಸುವ ಬ್ರಾಂಡೆಡ್ ಫಿಲ್ಟರು. ಫಿಲ್ಟರಿಗೆ 5000, ತೊಳೆಯುವ ಕಿಟ್ಟಿಗೆ 1500, ಒಟ್ಟು 6500 ರೂ. ‘ಜೀವಮಾನದಲ್ಲಿ ಒಂದೇ ಸಲ ಖರ್ಚು’ ಎನ್ನುತ್ತಾರೆ. 6500ನ್ನು 350ರಿಂದ ಭಾಗಿಸಿದರೆ ಹದಿನೆಂಟೂವರೆ ಕಾಗದದ ಫಿಲ್ಟರು, ಅಂದರೆ 1,85,000 ಕಿ.ಮೀ. ವರ್ಷಕ್ಕೆ 8000ದಂತೆ ಹಾಕಿದ ದುಡ್ಡು ಹುಟ್ಟುವುದಕ್ಕೆ 23 ವರ್ಷ. 5000 ಕಿ.ಮೀ.ಗೊಮ್ಮೆ ಕಾಗದ ಬದಲಿಸುವ ಅತಿ ಜಾಗರೂಕರಿಗೂ ಹನ್ನೊಂದೂವರೆ ವರ್ಷ. ಕೊನೆಯ ಬ್ಯಾಚಿನ ಜಿಪ್ಸಿಗೇ ಈಗ ಎಷ್ಟು ವಯಸ್ಸಾಯಿತು ಎಂದು ಎಣಿಸಿದರೆ ಯಾರ ಜೀವಮಾನದ ಮಾತು ಇದು ಎಂಬ ಅನುಮಾನ ಬರುತ್ತದೆ. ಗಾಳಿಯನ್ನು ಬಿಸಿ ತಂತಿಯಿಂದ ಅಳೆಯುವ ಎಂಜಿನ್ನುಗಳಲ್ಲಿ ತೊಳೆದಾದ ಮೇಲೆ ಎಣ್ಣೆ ಜಾಸ್ತಿ ಹಾಕಿದರೆ ಆ ತಂತಿಗೆ ಎಣ್ಣೆ ಮೆತ್ತಿಕೊಳ್ಳುವ ಖರ್ಚು ಬೇರೆ.

ಸ್ನಾರ್ಕೆಲ್: 40 ಸಿಸಿ ನೀರಿನ ಬೆಲೆ

ಹೊರಗಿನ ಮಾರುಕಟ್ಟೆಯಿಂದ ತಂದು ಹಾಕುವ ಗಾಳಿಯ ದಾರಿಗಳಲ್ಲಿ ಕೊಟ್ಟ ದುಡ್ಡಿಗೆ ನ್ಯಾಯ ಮಾಡುವುದು ನನ್ನ ಮಟ್ಟಿಗೆ ಸ್ನಾರ್ಕೆಲ್, ಅಂದರೆ ಗಾಳಿ ಎಳೆಯುವ ಬಾಯನ್ನು ತಲೆಯೆತ್ತರಕ್ಕೆ ಒಯ್ಯುವ ಪೈಪು, ಒಂದೇ, ಅದೂ ತೋಟಕ್ಕೆ ಹಳ್ಳ ದಾಟಿ ಹೋಗಬೇಕಾದವರಿಗೆ.

ಜಿಪ್ಸಿಯ ಒಂದು ಸಿಲಿಂಡರಿನ ಗಾತ್ರ 324 ಸಿಸಿ. ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ ಸುಮಾರು 40 ಸಿಸಿ. ಹೋಟೆಲಿನ ಬೈಟು ಕಾಫಿಗಿಂತಲೂ ಕಡಿಮೆ. ಅದಕ್ಕಿಂತ ಹೆಚ್ಚು ನೀರು ಒಳಗೆ ಬಂದರೆ, ನೀರು ಕುಗ್ಗುವುದಿಲ್ಲವಾದ್ದರಿಂದ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಳ್ಳದ ನಡುವೆ ಎಂಜಿನ್ ನಿಂತಾಗ “ಇನ್ನೊಂದ್ಸಲ ಸೆಲ್ಫ್ ಹೊಡಿ” ಎನ್ನುವ ದಡದ ಮೇಲಿನ ಸಲಹೆ ಹಾಗಾಗಿ ದುಬಾರಿ ಸಲಹೆ.

ಸ್ನಾರ್ಕೆಲ್ಲಿನ ಪೈಪು ಉದ್ದವಾದಷ್ಟೂ, ಬಾಗು ಹೆಚ್ಚಿದಷ್ಟೂ ಒತ್ತಡ ಕಳೆಯುತ್ತದೆ. ಎಷ್ಟು? ಒಂದೂವರೆ ಮೀಟರ್ ನಯವಾದ ಪೈಪು, ಮೂರು ಬಾಗು, ಪೂರ್ತಿ ವೇಗದ ಸೆಕೆಂಡಿಗೆ 55 ಲೀಟರ್ ಹರಿವು ಎಂದಿಟ್ಟುಕೊಂಡರೆ: ಒಳಗಿನ ಅಗಲ 50 ಮಿ.ಮೀ. ಇದ್ದಾಗ ಗಾಳಿ ಸೆಕೆಂಡಿಗೆ 28 ಮೀಟರ್ ವೇಗದಲ್ಲಿ ಓಡುತ್ತದೆ, ನಷ್ಟ 1.15 ಕಿಲೋಪಾಸ್ಕಲ್. 58 ಮಿ.ಮೀ. ಇದ್ದರೆ 21 ಮೀಟರ್ ವೇಗ, ನಷ್ಟ 0.65. 70 ಮಿ.ಮೀ.ಗೆ 14 ಮೀಟರ್, 0.3. ಅಗಲ 50ರಿಂದ 70ಕ್ಕೆ ಹೋದರೆ ನಷ್ಟ ಕಾಲು ಭಾಗಕ್ಕೆ ಬಂತು. ಇಲ್ಲಿ ಕೃಷಿಕರಿಗೆ ಒಂದು ಅನುಕೂಲವಿದೆ. ಪಂಪ್‌ಸೆಟ್ಟಿನ ಅಂಗಡಿಯಲ್ಲಿ ಎರಡಿಂಚು ಎಂದು ಕೊಡುವ 63 ಮಿ.ಮೀ. ಪಿವಿಸಿ ಪೈಪಿನ ಒಳಗಿನ ಅಗಲ 58ರ ಆಸುಪಾಸು; ಎರಡೂವರೆ ಇಂಚಿನ 75 ಮಿ.ಮೀ. ಪೈಪಿನದು 70ರ ಹತ್ತಿರ. ಸ್ನಾರ್ಕೆಲ್ ಕಟ್ಟುವವರು ಎರಡೂವರೆಯದನ್ನೇ ತರಬೇಕು. ಬಾಗಿಸಲು ಸುಲಭವೆಂದು ಒಳಗೆಲ್ಲ ಸುರುಳಿ ಗೆರೆಯಿರುವ ಹೋಸು ಹಾಕಿದರೆ ಮೇಲಿನ ಅಂಕಿಗಳೆಲ್ಲ ಕೆಲಸಕ್ಕೆ ಬಾರದಂತೆ ನಷ್ಟ ಹೆಚ್ಚುತ್ತದೆ.

ರೆಡಿಮೇಡ್ ಸ್ನಾರ್ಕೆಲ್ 8000, ಕೂಲಿ 2000, ಸಿಲಿಕಾನ್ ಜೋಡಣೆ ಮತ್ತು ಕ್ಲ್ಯಾಂಪು 700: ಒಟ್ಟು 10,700 ರೂ. ಪಿವಿಸಿಯದು: ಪೈಪು 250, ಎಲ್ಬೋ ನಾಲ್ಕಕ್ಕೆ 280, ಸಾಲ್ವೆಂಟ್ 100, ಸಿಲಿಕಾನ್ ಜೋಡಣೆ ಎರಡಕ್ಕೆ 800, ಕ್ಲ್ಯಾಂಪು ಆರಕ್ಕೆ 300, ವಿಂಡ್‌ಶೀಲ್ಡಿನ ಕಂಬಕ್ಕೆ ಬಿಗಿಯುವ ಪಟ್ಟಿ 150, ತಲೆಯ ಟೊಪ್ಪಿಗೆ 400, ಕೂಲಿ 1000. ಒಟ್ಟು 3280 ರೂ. ಮೂರನೇ ಒಂದಕ್ಕಿಂತ ಕಡಿಮೆ. ಪಿವಿಸಿ ಬಿಸಿಗೆ ಮೆತ್ತಗಾಗುವ ವಸ್ತು, ಎಕ್ಸಾಸ್ಟಿನ ಹತ್ತಿರ ಸುಳಿಯಬಾರದು. ಬಾನೆಟ್ಟಿನೊಳಗಿನ ತುಂಡಿಗೆ ಮಾತ್ರ ಲೋಹದ ಪೈಪೋ ದಪ್ಪ ರಬ್ಬರೋ ಬೇಕು. ತಲೆಯ ಟೊಪ್ಪಿಗೆಯ ಬದಲು ಟ್ರ್ಯಾಕ್ಟರಿನ ಏರ್ ಕ್ಲೀನರಿನ ಮೇಲಿರುವಂಥ, ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಬಟ್ಟಲಿಗೆ ಎಸೆಯುವ ಪ್ರೀ-ಕ್ಲೀನರ್ ಕೂರಿಸಿದರೆ ಫಿಲ್ಟರಿನ ಆಯಸ್ಸು ಹೆಚ್ಚುತ್ತದೆ. ಗಾಳಿ ಚಕ್ರದ ಮಟ್ಟದಿಂದ ಬರದೆ ತಲೆಯೆತ್ತರದಿಂದ ಬರುವುದರಿಂದ ಧೂಳೂ ಕಡಿಮೆ, ಬಿಸಿಯೂ ಇಲ್ಲ. ಹಿಂದೆ ಕಳೆದುಕೊಂಡ 3.7 ಎಚ್‌ಪಿಯ ನಷ್ಟ ಇಲ್ಲಿ ಹುಟ್ಟುವುದೇ ಇಲ್ಲ; 0.3 ಕಿಲೋಪಾಸ್ಕಲಿಗೆ ತೆರುವುದು ಕಾಲು ಎಚ್‌ಪಿ. ಷರತ್ತು ಒಂದೇ, ಕಂಪನಿಯ ಮುಚ್ಚಿದ ಏರ್ ಬಾಕ್ಸು ಜಾಗದಲ್ಲೇ ಇರಬೇಕು. ಸ್ನಾರ್ಕೆಲ್ಲನ್ನು ತಂದು ಬಯಲು ಕೋನಿನ ಪಕ್ಕಕ್ಕೆ ಬಿಟ್ಟಿರುವ ಗಾಡಿಗಳೂ ಇವೆ. ಅದು ಫೋಟೋಗೆ.

ಜೋಡಣೆ ಗಾಳಿಬಿಗಿ ಆಗಿದೆಯೋ ಇಲ್ಲವೋ ಎನ್ನುವ ಪರೀಕ್ಷೆಗೆ ಉಪಕರಣ ಬೇಕಿಲ್ಲ. ಎಂಜಿನ್ ಐಡಲಿನಲ್ಲಿ ಓಡುತ್ತಿರುವಾಗ ಸ್ನಾರ್ಕೆಲ್ಲಿನ ಟೊಪ್ಪಿಗೆ ತೆಗೆದು ಬಾಯಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಬೇಕು. ಅಂಗೈಯನ್ನು ಒಳಕ್ಕೆ ಎಳೆದಂತಾಗಿ ಎಂಜಿನ್ನು ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಗಾಳಿ ಬೇರೆಲ್ಲಿಂದಲೋ ಬರುತ್ತಿದೆ. ಹಳ್ಳದಲ್ಲಿ ಅದೇ ಜಾಗದಿಂದ ನೀರು ಬರುತ್ತದೆ. ಏರ್ ಬಾಕ್ಸಿನ ತಳದಲ್ಲಿ ನೀರು ಇಳಿಯಲೆಂದು ಕಂಪನಿಯೇ ಬಿಟ್ಟ ತೂತು ಇದ್ದರೆ ಅದನ್ನು ಮುಚ್ಚಲು ಮರೆಯುವವರು ಬಹಳ.

ಇಷ್ಟಾದ ಮೇಲೂ ಜಿಪ್ಸಿ ದೋಣಿಯಾಗುವುದಿಲ್ಲ. ಆಗುತ್ತದೆ, ಅದೇ ತೊಂದರೆ. ನೀರು ಗಾಡಿಯ ತಳ ಮುಟ್ಟಿ 20 ಸೆಂ.ಮೀ. ಮೇಲೆ ಬಂತು ಎನ್ನಿ. ತಳದ ವಿಸ್ತೀರ್ಣ 3 ಮೀಟರ್ ಉದ್ದ, 1.3 ಮೀಟರ್ ಅಗಲ ಎಂದರೆ ನೀರು ಮೇಲಕ್ಕೆ ಎತ್ತುವ ಬಲ 780 ಕೆ.ಜಿ. ಗಾಡಿಯ ತೂಕವೇ ಒಂದು ಟನ್ನಿನ ಆಸುಪಾಸು. ಒಳಗೆ ನೀರು ತುಂಬಿಕೊಳ್ಳುವವರೆಗೆ ಟೈರಿನ ಮೇಲೆ ಉಳಿಯುವುದು ಇನ್ನೂರು ಚಿಲ್ಲರೆ ಕೆ.ಜಿ.; ಹರಿವಿದ್ದರೆ ಗಾಡಿ ಅಡ್ಡಡ್ಡ ಹೋಗುತ್ತದೆ. ಸ್ನಾರ್ಕೆಲ್ಲಿನ ತಲೆ ಎಷ್ಟು ಎತ್ತರದಲ್ಲಿದೆ ಎನ್ನುವುದು ಅಲ್ಲಿ ಯಾವ ಲೆಕ್ಕಕ್ಕೂ ಬಾರದು.

ಕಾನೂನಿನ ಬಾಬತ್ತೂ ಖರ್ಚಿನ ಪಟ್ಟಿಯಲ್ಲೇ ಬರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ಲಕ್ಷಣ ಬದಲಾಗುವಂಥ ರಚನೆಯ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಯಾರಕರ ನಿರ್ದಿಷ್ಟ ವಿವರಗಳಿಂದ ದೂರ ಹೋಗಬಾರದು ಎಂದು ಅದನ್ನು ಬಿಗಿಯಾಗಿ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಕಾನೂನುಬಾಹಿರ ಬದಲಾವಣೆ ಒಂದೊಂದಕ್ಕೂ ಮಾಲೀಕರಿಗೆ 5000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದು ಬಂತು. ಬಾಕ್ಸಿನೊಳಗೆ ಫಿಲ್ಟರು ಬದಲಿಸುವುದು ಈ ಮಾತಿಗೆ ಬರುವ ಸಂಗತಿಯಲ್ಲ. ಫೆಂಡರ್ ಕೊರೆದು ಹೊರಗೆ ಪೈಪು ನಿಲ್ಲಿಸಿದ್ದರ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ ಫಿಟ್ನೆಸ್ ಪರೀಕ್ಷೆಗೆ, ಅಂದರೆ ಎಫ್‌ಸಿಗೆ ಹೋದ ದಿನ ವಾದ ಮಾಡಬೇಕಾಗಬಹುದು. ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇಲ್ಲದಿದ್ದರೆ ನೀರು ಕುಡಿದ ಎಂಜಿನ್ನಿಗೆ ಸಾಮಾನ್ಯ ಪಾಲಿಸಿಯಿಂದ ದುಡ್ಡು ಬರುವುದು ಕಷ್ಟ.

ಹಳ್ಳ ದಾಟುವವರು ಮರೆಯುವ ಇನ್ನೊಂದು ಉಸಿರಿದೆ. ಎರಡು ಡಿಫರೆನ್ಷಿಯಲ್, ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಇವು ನಾಲ್ಕಕ್ಕೂ ಗಾಳಿ ಆಡುವ ಬ್ರೀದರ್ ಇರುತ್ತದೆ. ಕಾದ ಡಿಫರೆನ್ಷಿಯಲ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರಿನ ಬಾಯಿಂದ ನೀರನ್ನು ಹೀರಿಕೊಳ್ಳುತ್ತದೆ. ಕೆಲವು ದಿನದ ಮೇಲೆ ಪ್ಲಗ್ ಬಿಚ್ಚಿದರೆ ಎಣ್ಣೆ ಬಿಳಿಚಿಕೊಂಡು ಇಳಿಯುತ್ತದೆ. ನಾಲ್ಕು ಬ್ರೀದರುಗಳಿಗೂ ಹೋಸು ಸಿಕ್ಕಿಸಿ ಏರ್ ಬಾಕ್ಸಿನ ಎತ್ತರಕ್ಕೆ ಎಳೆದು ತುದಿಗೊಂದು ಸಣ್ಣ ಫಿಲ್ಟರು ಇಟ್ಟರೆ ಮುಗಿಯಿತು: 8 ಮೀಟರ್ ಹೋಸು ಮೀಟರಿಗೆ 40ರಂತೆ 320, ಫಿಲ್ಟರಿಗೆ 150, ಒಟ್ಟು 470 ರೂ. ರೆಡಿಮೇಡ್ ಸ್ನಾರ್ಕೆಲ್ಲಿನ ಬಿಲ್ಲಿನಲ್ಲಿ ಶೇಕಡಾ ನಾಲ್ಕೂವರೆಯೂ ಆಗದ ಈ ಕೆಲಸವನ್ನು ಗ್ಯಾರೇಜಿನವರು ತಾವಾಗಿ ಹೇಳುವುದಿಲ್ಲ, ಕೇಳಿ ಬರೆಸಬೇಕು.